ಹೆಲ್ಗಮ್ಮನ ಬಂಡೆಯ ಪಾಚಿ

ಜಾವಳಿ

ವಿದೇಶಕ್ಕೆ ಹೋಗಿ ಬಂದವರ ಮನೆಯಲ್ಲಿ ಒಂದು ಆಲ್ಬಂ ಇದ್ದೇ ಇರುತ್ತದೆ. ನಮ್ಮದರಲ್ಲಿ ಒಂದು ಫೋಟೋ ಇದೆ. ಬೂದು ಬಣ್ಣದ ಬಂಡೆ, ಅದರ ಮೈಮೇಲೆ ಅಂಗೈಯಗಲದ ಹಳದಿ ಕಲೆ, ಅಷ್ಟೇ. ನಾನು ಅದನ್ನು ಎಷ್ಟು ಸಲ ಹಿಂದಿನ ಪುಟಕ್ಕೆ ಸೇರಿಸಿದರೂ ನನ್ನ ಹೆಂಡತಿ ಶೈಲಾ ಮತ್ತೆ ಮುಂದಕ್ಕೆ ತಂದಿಡುತ್ತಾಳೆ. ಬಂದವರು ಇದೆಂತ ಫೋಟೋ ಎಂದರೆ ಸಾಕು, "ಅದಾ? ಇವ್ರು ಜರ್ಮನಿಲಿ ಮಾಡಿದ ಘನಕಾರ್ಯ. ಅವ್ರ ಬಾಯಲ್ಲೇ ಕೇಳಿ" ಎಂದು ಕಾಫಿ ತರಲು ಎದ್ದು ಹೋಗುತ್ತಾಳೆ. ಆಮೇಲೆ ನನ್ನ ಪಾಡು ಯಾರಿಗೂ ಬೇಡ. ಹೇಳಿ ಹೇಳಿ ಸಾಕಾಗಿದೆ. ಬರೆದರಾದರೂ ಒಂದು ಸಲಕ್ಕೆ ಮುಗಿದೀತು ಎಂದು ಬರೆಯುತ್ತಿದ್ದೇನೆ.

ನಾನು ಮೂಡಿಗೆರೆ ತಾಲ್ಲೂಕಿನ ಜಾವಳಿ ಕಡೆಯ ಸಣ್ಣ ಬೆಳೆಗಾರ. ಕಾಫಿ, ಜೊತೆಗೆ ಒಂದಿಷ್ಟು ಕಾಳುಮೆಣಸು. ತೋಟದ ನೆತ್ತಿಯ ಮೇಲೆ ಒಂದು ಕರಿಬಂಡೆ ಇದೆ. ಕುದುರೆಮುಖದ ಗಣಿ ಇನ್ನೂ ನಡೆಯುತ್ತಿದ್ದ ಕಾಲದಲ್ಲಿ ಮಾರ್ಟಿನ್ ಎಂಬ ಜರ್ಮನ್ ಮನುಷ್ಯ ಕಳಸದ ಕಡೆ ಗುಡ್ಡ ಸುತ್ತಲು ಬಂದವನು ಕಡೇ ಬಸ್ಸು ತಪ್ಪಿಸಿಕೊಂಡು, ಕಾಲಿನ ತುಂಬ ಇಂಬಳ, ಅಂದರೆ ಕಾಡಿನ ಜಿಗಣೆ, ಕಚ್ಚಿಸಿಕೊಂಡು, ರಕ್ತ ಸುರಿಸುತ್ತಾ ನಮ್ಮ ಗೇಟಿನ ಮುಂದೆ ನಿಂತಿದ್ದ. ಶೈಲಾ ಸುಣ್ಣ ಹಚ್ಚಿ ಇಂಬಳ ಬಿಡಿಸಿದಳು. ಒಂದು ರಾತ್ರಿಗೆಂದು ಒಳಗೆ ಬಂದವನು ಬೆಳಿಗ್ಗೆ ಎದ್ದು ನಮ್ಮ ಬಂಡೆ ನೋಡಿ ವಾರಗಟ್ಟಲೆ ಉಳಿದುಬಿಟ್ಟ. ಹಗ್ಗ ಕಟ್ಟಿಕೊಂಡು ಬಂಡೆ ಹತ್ತುವುದನ್ನು ನನಗೆ ಕಲಿಸಿದವನು ಅವನೇ. ಮೆಣಸು ಕೊಯ್ಯುವ ಏಣಿ ಹತ್ತಿ ಇಳಿದು ಪಳಗಿದ ಕಾಲು ನನ್ನದು, ವಿದ್ಯೆ ಬೇಗ ಹತ್ತಿತು. ಆಮೇಲೂ ಆಗಾಗ ಬರುತ್ತಿದ್ದ. ಕನ್ನಡದಲ್ಲಿ ಅವನಿಗೆ ಚೆನ್ನಾಗಿ ಬರುತ್ತಿದ್ದುದು ‘ಮಾರಾಯ’ ಒಂದೇ. ಶೈಲಾಳನ್ನೂ ಮಾರಾಯ ಎಂದೇ ಕರೆಯುತ್ತಿದ್ದ.

ಒಮ್ಮೆ ಅವನು, "ಈ ಸಲ ನೀವಿಬ್ಬರೂ ಬನ್ನಿ, ನನ್ನ ಅಮ್ಮನ ಹುಟ್ಟುಹಬ್ಬಕ್ಕೆ" ಎಂದು ಕರೆದ. ಕಾಫಿ ಕೊಯ್ಲಿಗೆ ಇನ್ನೂ ಸಮಯವಿತ್ತು. ಹೊರಟೆವು.

ಎಲ್ಬೆ ನದಿಯ ಹಳ್ಳಿ

ಡ್ರೆಸ್ಡೆನ್ ಊರಿನಿಂದ ನದಿಯ ದಂಡೆಗುಂಟ ರೈಲಿನಲ್ಲಿ ಸ್ವಲ್ಪ ದೂರ ಹೋದರೆ ಮಾರ್ಟಿನ್‌ನ ಹಳ್ಳಿ. ಮನೆಯ ಬಾಗಿಲಲ್ಲಿ ಅವನ ತಾಯಿ ಹೆಲ್ಗಾ ನಿಂತಿದ್ದರು. ಎಪ್ಪತ್ತು ದಾಟಿದವರು, ತೆಳ್ಳಗಿನ ಜೀವ, ಅಂಚೆ ಕಚೇರಿಯಲ್ಲಿ ದುಡಿದು ನಿವೃತ್ತರಾದವರು. ಗಂಡ ತೀರಿಕೊಂಡಿದ್ದರು. ಅವರಿಗೆ ಇಂಗ್ಲಿಷ್ ಬಾರದು, ಶೈಲಾಗೆ ಜರ್ಮನ್ ಬಾರದು. ಇವಳು ಮೊದಲ ದಿನವೇ ಅವರನ್ನು ಹೆಲ್ಗಮ್ಮ ಮಾಡಿಕೊಂಡು ಅಡುಗೆಮನೆ ಹೊಕ್ಕಳು. ಇವಳು ಕನ್ನಡದಲ್ಲಿ, ಅವರು ಜರ್ಮನ್‌ನಲ್ಲಿ. ಅದು ಹೇಗೆ ನಡೆಯುತ್ತಿತ್ತೋ ದೇವರೇ ಬಲ್ಲ, ನಗು ಮಾತ್ರ ಹೊರಗಿನವರೆಗೂ ಕೇಳುತ್ತಿತ್ತು.

ಊಟಕ್ಕೆ ಕುಳಿತಾಗ ಹೆಲ್ಗಮ್ಮ ಕಿಟಕಿಯಾಚೆ ಕೈ ತೋರಿಸಿ ಏನೋ ಹೇಳಿದರು. ಮಾರ್ಟಿನ್ ಅದನ್ನು ಇಂಗ್ಲಿಷಿಗೆ ತಂದ. ನಾನು ನಮ್ಮ ಮಾತಿಗೆ ತರುತ್ತೇನೆ. ಕಾಡಿನ ಅಂಚಿನಲ್ಲಿ ಒಂದು ಒಂಟಿ ಕಲ್ಲುಗೋಪುರ ಇದೆ, ನಮ್ಮ ಬೈನೆ ಮರದಷ್ಟು ಎತ್ತರ. ಮದುವೆಗೆ ಮೊದಲು ಆಕೆಯ ಗಂಡ ಅದನ್ನು ಹತ್ತುವುದು ಹೇಗೆಂದು ತೋರಿಸಿಕೊಟ್ಟರಂತೆ. ಅಂದಿನಿಂದ ಪ್ರತಿ ಹುಟ್ಟುಹಬ್ಬಕ್ಕೂ ಆಕೆ ಬರಿಗಾಲಲ್ಲಿ ಅದರ ನೆತ್ತಿಗೆ ಹತ್ತಿ, ಅಲ್ಲಿ ಕೂತು, ಒಂದು ತುಂಡು ಕೇಕ್ ತಿಂದು ಇಳಿಯುತ್ತಾರೆ. ಮಂಡಿನೋವು ಬಂದ ಮೇಲೆ ದೊಡ್ಡ ಬಂಡೆಗಳನ್ನೆಲ್ಲ ಒಂದೊಂದಾಗಿ ಬಿಟ್ಟಿದ್ದಾರೆ.

"ಈಗ ನನಗೆ ಉಳಿದಿರುವುದು ಅದೊಂದೇ" ಎಂದರು. ದುಃಖದಿಂದ ಹೇಳಲಿಲ್ಲ. ಬ್ರೆಡ್ಡಿಗೆ ಬೆಣ್ಣೆ ಹಚ್ಚುತ್ತಾ ಹೇಳಿದರು.

ಕಲ್ಲಿನ ಕಾಡು

ಮರುದಿನ ಮಾರ್ಟಿನ್ ನಮ್ಮನ್ನು ಕಾಡಿಗೆ ಕರೆದುಕೊಂಡು ಹೋದ. ಮರಗಳ ನಡುವೆ ಮರಗಳಿಗಿಂತ ಎತ್ತರಕ್ಕೆ ಕಲ್ಲುಗಳು ನಿಂತಿದ್ದವು. ನೋಡಿ ಕತ್ತು ನೋಯಿತು. ನೋಡಿ ಮುಗಿಯುವ ಮೊದಲೇ ಅವನ ಕಟ್ಟಳೆಗಳು ಶುರುವಾದವು. ದಾರಿ ಬಿಟ್ಟು ನಡೆಯಬಾರದು. ಬೆವರು ಒಣಗಲೆಂದು ಕೈಗೆ ಸೀಮೆಸುಣ್ಣದ ಪುಡಿ ಹಚ್ಚಬಾರದು, ಬಂಡೆ ಬೆಳ್ಳಗಾಗುತ್ತದೆ. ಬಿರುಕಿಗೆ ಕಬ್ಬಿಣ ತುರುಕಬಾರದು, ಹಗ್ಗಕ್ಕೆ ದಪ್ಪ ಗಂಟು ಹಾಕಿ ಆ ಗಂಟನ್ನೇ ಬಿರುಕಿನಲ್ಲಿ ಸಿಕ್ಕಿಸಬೇಕು. ಕೂಗಬಾರದು, ಹಕ್ಕಿ ಗೂಡು ಕಟ್ಟಿರುತ್ತದೆ.

"ಮದುವೆ ಮನೇಲೂ ಇಷ್ಟು ಶಾಸ್ತ್ರ ಇರೋದಿಲ್ಲ ಮಾರಾಯ್ರೆ" ಎಂದಳು ಶೈಲಾ.

ಬೆಳೆಗಾರನ ಕಾಲು ಒಳದಾರಿ ಹುಡುಕದೆ ಇರುತ್ತದೆಯೇ? ಒಂದು ತಿರುವಿನಲ್ಲಿ ನಾನು ಜರಿಗಿಡ ತುಳಿದುಕೊಂಡು ನೇರ ಇಳಿದೆ. ಮಾರ್ಟಿನ್ ಬೈಯಲಿಲ್ಲ. ನಾನು ಹತ್ತಿ ವಾಪಸು ಬಂದು ದಾರಿಯಲ್ಲೇ ಇಳಿದು ಬರುವ ತನಕ ಸುಮ್ಮನೆ ಕಾದು ನಿಂತ. ಆಮೇಲೆ ಒಂದು ಕಡೆ ಕೂತು ಕಿತ್ತಳೆ ತಿಂದೆವು. ಸಿಪ್ಪೆಯನ್ನು ನಾನು ಒಂದು ಮರದ ಬುಡಕ್ಕೆ ಎಸೆದೆ. ಕಾಫಿ ಗಿಡದ ಬುಡಕ್ಕೆ ಎಸೆದ ಹಾಗೆ, ಅಭ್ಯಾಸಬಲ. ಹಿಂದಿನಿಂದ ಬರುತ್ತಿದ್ದ ಅಪರಿಚಿತ ಹೆಂಗಸೊಬ್ಬರು ಬಗ್ಗಿ ಸಿಪ್ಪೆ ಹೆಕ್ಕಿ, ಮಣ್ಣು ಕೊಡವಿ, ದೇವಸ್ಥಾನದಲ್ಲಿ ಪ್ರಸಾದ ಕೊಡುವ ಹಾಗೆ ನನ್ನ ಅಂಗೈಯಲ್ಲಿಟ್ಟು, ನಕ್ಕು, ಮುಂದೆ ಹೋದರು. ಕಿವಿ ಬಿಸಿಯಾಯಿತು. ಶೈಲಾ ಎಲ್ಲೋ ನೋಡುತ್ತಾ, "ಜೇಬಲ್ಲಿಟ್ಕೊಳ್ಳಿ, ಇನ್ನೊಬ್ರು ಬರೋಕಿಂತ ಮುಂಚೆ" ಎಂದಳು.

ಒಂದು ವಿಷಯದಲ್ಲಿ ಮಾತ್ರ ನಾನು ಗೆದ್ದೆ. ಕಾಡಿನಲ್ಲಿ ಎರಡಕ್ಕೆ ಹೋದರೆ ಗುಂಡಿ ತೋಡಿ ಮುಚ್ಚಬೇಕು, ಒರೆಸಿದ ಕಾಗದವನ್ನು ಚೀಲದಲ್ಲಿ ವಾಪಸು ತರಬೇಕು ಎಂದ ಮಾರ್ಟಿನ್. ನಾನು ನೀರಿನ ಬಾಟಲಿ ಎತ್ತಿ ತೋರಿಸಿದೆ. ಅವನು ಸ್ವಲ್ಪ ಹೊತ್ತು ಯೋಚಿಸಿ, "ಹೌದು ಮಾರಾಯ" ಎಂದು ಒಪ್ಪಿಕೊಂಡ. ಇಡೀ ಪ್ರವಾಸದಲ್ಲಿ ನಮ್ಮ ದೇಶದ ಮಾನ ಉಳಿದ ಪ್ರಸಂಗ ಅದೊಂದೇ.

ವಾಪಸು ಬರುವಾಗ ಹೆಲ್ಗಮ್ಮನ ಬಂಡೆ ತೋರಿಸಿದ. ಬುಡದಲ್ಲಿ ಹುಲ್ಲು. ನೆಲದಲ್ಲಿ ನಿಂತು ಕೈ ಎತ್ತಿದರೆ ಸಿಗುವಷ್ಟರಲ್ಲಿ ಕಿವಿಯ ಆಕಾರದ ಒಂದು ಉಬ್ಬು. ಮನೆಯವರೆಲ್ಲ ಅದನ್ನು ‘ಕಿವಿ’ ಎಂದೇ ಕರೆಯುತ್ತಾರಂತೆ. ಅದನ್ನು ಹಿಡಿದು ಮೈ ಎತ್ತಿಕೊಂಡರೆ ಮೇಲೆ ಮೆಟ್ಟಿಲಿನಂಥ ದಾರಿ. ಕಿವಿ ಹಿಡಿಯದೆ ಹತ್ತುವುದು ಮಾರ್ಟಿನ್‌ನಂಥ ಉದ್ದದ ಆಸಾಮಿಗೆ ಮಾತ್ರ ಸಾಧ್ಯ. ಕಿವಿಯ ಸುತ್ತ, ಕಾಲಿಡುವ ಜಾಗದಲ್ಲಿ, ಹಸಿರು ಪಾಚಿ ಕಟ್ಟಿತ್ತು. ಅದು ನನ್ನ ಕಣ್ಣಿಗೆ ಬಿತ್ತು. ಬೀಳಬಾರದಿತ್ತು.

ಮಳೆ

ಆ ಸಂಜೆಯೇ ಮಳೆ ಹಿಡಿಯಿತು. ನಮ್ಮ ಕಡೆಯ ಆಷಾಢದ ಮಳೆ ನೋಡಿದವರಿಗೆ ಅದು ಮಳೆಯೇ ಅಲ್ಲ, ಯಾರೋ ಜರಡಿಯಲ್ಲಿ ನೀರು ಜಾಲಿಸಿದ ಹಾಗೆ. ಆದರೆ ಬಿಡಲಿಲ್ಲ. ಬೆಳಿಗ್ಗೆ ನಾನು ಹಗ್ಗ ಹೆಗಲಿಗೇರಿಸಿ ಹೊರಟು ನಿಂತರೆ ಮಾರ್ಟಿನ್ ತಲೆಯಾಡಿಸಿದ.

"ಇವತ್ತು ಬಂಡೆ ಮುಟ್ಟುವ ಹಾಗಿಲ್ಲ. ನಾಳೆಯೂ ಇಲ್ಲ. ಪೂರ್ತಿ ಒಣಗಬೇಕು."

ನಾನು ಅದನ್ನು ಶೈಲಾಗೆ ಹೇಳಿದೆ. "ಮುಟ್ಟೋ ಹಾಗಿಲ್ವಾ? ಬಂಡೆನೂ ಹೊರಗೆ ಕೂತಿದ್ಯಾ ಎಂತ?" ಎಂದಳು. ಇಬ್ಬರೂ ನಕ್ಕೆವು.

ಮನಸ್ಸಿನಲ್ಲಿ ನಾನು ಇನ್ನೂ ಜಾಸ್ತಿ ನಕ್ಕಿದ್ದೆ. ಇವರಿಗೆ ಮಳೆ ಎಂದರೆ ಇಷ್ಟು ಹೆದರಿಕೆಯೇ! ಜಾರಿ ಬಿದ್ದೇವು ಎಂದು ಮನೆಯಲ್ಲಿ ಕೂರುವ ಜನ. ನಾವು ವರ್ಷದಲ್ಲಿ ಅರ್ಧ ಕಾಲ ಒದ್ದೆಯಲ್ಲೇ ಬದುಕುವವರು. ಒದ್ದೆ ಸಿಲ್ವರ್ ಓಕ್ ಮರ ಹತ್ತುತ್ತೇವೆ, ಒದ್ದೆ ಬಂಡೆಯ ಮೇಲೆ ಗೊಬ್ಬರದ ಮೂಟೆ ಹೊತ್ತು ದಾಟುತ್ತೇವೆ. ನಮ್ಮ ಬಂಡೆಗೆ ಮಳೆಯಾದರೇನು, ಬಿಸಿಲಾದರೇನು, ಸುತ್ತಿಗೆಯಲ್ಲಿ ಹೊಡೆದರೂ ಕಿಡಿ ಹಾರುತ್ತದೆಯೇ ಹೊರತು ಕಲ್ಲು ಜಗ್ಗುವುದಿಲ್ಲ. ಮುಟ್ಟಬೇಡ ಎಂದದ್ದು ನನ್ನ ಒಳ್ಳೆಯದಕ್ಕೆ ಎಂದೇ ತಿಳಿದುಕೊಂಡೆ. ಬೇರೆ ಯಾವ ಕಾರಣ ಇರಬಹುದು ಎಂದು ಕೇಳಲೂ ಇಲ್ಲ.

ಎರಡನೇ ದಿನವೂ ಸಣ್ಣ ಮಳೆ. ಕೂತು ಕೂತು ತಲೆಯೊಳಗೆ ಆ ಪಾಚಿಯೇ ಓಡಾಡತೊಡಗಿತು. ನಮ್ಮ ಸೋದರತ್ತೆ ಪಾಚಿ ಕಟ್ಟಿದ ಮೆಟ್ಟಿಲಲ್ಲಿ ಜಾರಿ ಸೊಂಟ ಮುರಿದುಕೊಂಡು ಮಲಗಿದವರು ಮತ್ತೆ ಏಳಲಿಲ್ಲ. ಅಂದಿನಿಂದ ನಮ್ಮ ಮನೆಯಲ್ಲಿ ವಯಸ್ಸಾದವರು ಬರುತ್ತಾರೆ ಎಂದರೆ ಹಿಂದಿನ ದಿನವೇ ಯಾರಾದರೊಬ್ಬರು ಕತ್ತಿ, ತೆಂಗಿನ ಸಿಪ್ಪೆ ಹಿಡಿದು ಮೆಟ್ಟಿಲು ಕೆರೆದು ಸುಣ್ಣ ಉದುರಿಸಬೇಕು. ಅದನ್ನು ಯಾರೂ ಹೇಳಿ ಮಾಡಿಸುವುದಿಲ್ಲ. ಮಾಡದಿದ್ದರೆ ಮರ್ಯಾದೆಯಲ್ಲ. ಎಪ್ಪತ್ತು ದಾಟಿದ ಹೆಂಗಸು ಬರಿಗಾಲಲ್ಲಿ ಆ ಪಾಚಿಯ ಮೇಲೆ ಕಾಲಿಡುವುದೇ? ಇವರಿಗೆ ಕಿತ್ತಳೆ ಸಿಪ್ಪೆಯ ಮೇಲಿರುವ ಕಾಳಜಿ ಮುದುಕಿಯ ಸೊಂಟದ ಮೇಲೆ ಇಲ್ಲವಲ್ಲ ಎನಿಸಿತು. ಹೀಗೆ ಯೋಚಿಸಿದವನು ನಾನೇ, ನನ್ನದೇ ತಲೆ.

ಬಂಡೆಯ ಬುಡ

ಮರುದಿನ ಬೆಳಿಗ್ಗೆ ಮಳೆ ನಿಂತಿತ್ತು. ಎಲ್ಲರೂ ಏಳುವ ಮೊದಲೇ ಎದ್ದೆ. ಹೊರಗಿನ ಷೆಡ್ಡಿನಲ್ಲಿ ಮಾಂಸ ಸುಡುವ ಒಲೆಯ ಸರಳು ಉಜ್ಜುವ ತಂತಿಯ ಬ್ರಷ್ ಇತ್ತು. ಅದನ್ನು ಎತ್ತಿಕೊಂಡು ಹೊರಟೆ. ಯಾರಿಗೂ ಹೇಳಲಿಲ್ಲ. ಆಕೆ ಬಂಡೆಯ ಬುಡಕ್ಕೆ ಬಂದು, ಅಯ್ಯೋ ಇದನ್ನು ಯಾರಪ್ಪ ಇಷ್ಟು ಚೊಕ್ಕ ಮಾಡಿದ್ದು ಎನ್ನಬೇಕು, ನಾನು ಹಿಂದೆ ಸುಮ್ಮನೆ ನಿಂತಿರಬೇಕು. ಅಷ್ಟು ದೂರದ ತನಕ ಲೆಕ್ಕ ಹಾಕಿದ್ದೆ.

ಕಾಲಿಡುವ ಜಾಗ ಮೊದಲು ಉಜ್ಜಿದೆ. ಪಾಚಿ ಸಲೀಸಾಗಿ ಬಂತು. ಪಾಚಿಯ ಹಿಂದೆಯೇ ರವೆಯಂಥದ್ದು ಉದುರತೊಡಗಿತು. ಕೊಳೆ ಎಂದುಕೊಂಡು ಇನ್ನೂ ಜೋರಾಗಿ ಉಜ್ಜಿದೆ. ಕಿವಿಯ ಮೇಲ್ಭಾಗ ಉಜ್ಜಬೇಕಾದರೆ ನಾನು ಸ್ವಲ್ಪ ಮೇಲೇರಬೇಕಿತ್ತು. ಎಡಗೈಯಲ್ಲಿ ಕಿವಿ ಹಿಡಿದು ಜೋತು, ಬಲಗೈಯಲ್ಲಿ ಬ್ರಷ್ ಎತ್ತಿದೆ.

ಸದ್ದೇ ಆಗಲಿಲ್ಲ. ಕಲ್ಲು ಮುರಿದರೆ ಸದ್ದಾಗಬೇಕಲ್ಲ? ನೆನೆದ ಬೆಲ್ಲದ ಅಚ್ಚು ಬಿಟ್ಟ ಹಾಗೆ ಬಿಟ್ಟಿತು. ನಾನು ಹುಲ್ಲಿನ ಮೇಲೆ ಅಂಗಾತ ಬಿದ್ದಿದ್ದೆ, ಕಿವಿ ನನ್ನ ಕೈಯಲ್ಲಿತ್ತು. ಮೇಲೆ ಅದು ಇದ್ದ ಜಾಗದಲ್ಲಿ ಅರಿಶಿನ ಬಳಿದಂಥ ಹಳದಿ ಗಾಯ. ಸುತ್ತಲ ಕಲ್ಲೆಲ್ಲ ಬೂದು, ಅದೊಂದೇ ಹಳದಿ. ಒಂದು ಮೈಲಿ ದೂರದಿಂದ ಕಾಣುವಂತಿತ್ತು.

ಎದ್ದವನು ಮೊದಲು ಮಾಡಿದ್ದು ಏನು ಗೊತ್ತೇ? ತುಂಡನ್ನು ಎತ್ತಿ ಅದರ ಜಾಗಕ್ಕೆ ಇಟ್ಟು ಒತ್ತಿ ನೋಡಿದೆ. ಕೂರಲಿಲ್ಲ. ಬುಡದ ಕೆಸರು ತೆಗೆದು ಹಳದಿಯ ಮೇಲೆ ಮೆತ್ತಿದೆ. ಅದು ಮರಳಿನ ಸಮೇತ ಜಾರಿ ಬಂತು. ಅಷ್ಟರಲ್ಲಿ ನಾಯಿ ಕರೆದುಕೊಂಡು ಒಬ್ಬ ಮುದುಕ ದಾರಿಯಲ್ಲಿ ಬಂದ. ಬಂಡೆ ನೋಡಿದ, ನನ್ನ ಕೈಯ ಬ್ರಷ್ ನೋಡಿದ, ನನ್ನ ಮುಖ ನೋಡಿದ. ಬೈದಿದ್ದರೆ ಬದುಕುತ್ತಿದ್ದೆ. ಅವನು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು, ಸಾವಿನ ಮನೆಯ ಮುಂದೆ ನಿಂತ ಹಾಗೆ ಒಂದು ಗಳಿಗೆ ನಿಂತು, ನಾಯಿಯನ್ನು ಎಳೆದುಕೊಂಡು ಹೋದ.

ಅಡುಗೆಮನೆ

ಶೈಲಾ ಹಿತ್ತಲ ಬಾಗಿಲಲ್ಲೇ ಸಿಕ್ಕಿದಳು. ನನ್ನ ಅಂಗಿಯ ಮರಳು, ಕೈಯಲ್ಲಿದ್ದ ಕಲ್ಲು ನೋಡಿ ಅವಳಿಗೆ ಎಲ್ಲ ಅರ್ಥವಾಯಿತು.

"ನಿಮ್ಗೆ ಯಾರು ಹೇಳಿದ್ದು ಇದನ್ನ?"

"ಜಾರುತ್ತೆ ಅಂತ ಮಾರಾಯ್ತಿ... ಅವ್ರು ಬಿದ್ರೆ ಅಂತ..."

"ಅವ್ರು ಇಷ್ಟು ವರ್ಷ ನಿಮ್ಮನ್ನ ಕೇಳಿ ಹತ್ತಿದ್ರಾ?"

ನನಗೆ ರೇಗಿತು. ನಾಚಿಕೆಯಾದಾಗ ನನಗೆ ರೇಗುತ್ತದೆ. "ಒಂದು ಹಿಡಿ ಕಲ್ಲು, ಅಷ್ಟೇ. ಕುದುರೆಮುಖದಲ್ಲಿ ಗುಡ್ಡಕ್ಕೆ ಗುಡ್ಡವನ್ನೇ ಅರೆದು ಪೈಪಲ್ಲಿ ಕಳಿಸ್ತಿದ್ದಾರೆ, ಅದಕ್ಕೆ ಯಾರೂ..."

"ಆ ಗುಡ್ಡ ನೀವು ಅರೆದದ್ದಲ್ಲ. ಇದು ನೀವು ಮುರಿದದ್ದು. ಸುಮ್ನೆ ಒಳಗೆ ಬನ್ನಿ, ಈಗ್ಲೇ ಹೇಳಿ. ಹುಟ್ಟಿದಬ್ಬದ ದಿನ ಅಲ್ಲಿ ಹೋಗಿ ನಿಂತು ನೋಡೋ ಹಾಗೆ ಮಾಡ್ಬೇಡಿ ಆ ಜೀವಕ್ಕೆ."

ಹೆಲ್ಗಮ್ಮ ಮೇಜಿನ ಮುಂದೆ ಹಿಟ್ಟು ಕಲೆಸುತ್ತಿದ್ದರು, ನಾಳೆಯ ಕೇಕಿಗೆ. ನಾನು ಕಲ್ಲನ್ನು ಮೇಜಿನ ಮೇಲಿಟ್ಟೆ. ಇಂಗ್ಲಿಷಿನಲ್ಲಿ ಹೇಳಿದೆ, ಎಲ್ಲ ಹೇಳಿದೆ, ಬ್ರಷ್‌ನ ವಿಷಯವನ್ನೂ. ಅಲ್ಲೇ ಕೂತಿದ್ದ ಮಾರ್ಟಿನ್ ತಕ್ಷಣ ಅನುವಾದ ಮಾಡಲಿಲ್ಲ. ಅವರಿಗೆ ಅನುವಾದ ಬೇಕೂ ಇರಲಿಲ್ಲ. ಹಿಟ್ಟಿನ ಕೈಯನ್ನು ಒರೆಸಿಕೊಂಡು ಕಲ್ಲನ್ನು ಎತ್ತಿಕೊಂಡರು. ಹೆಬ್ಬೆರಳು ಅದರ ಒಂದು ತಗ್ಗಿನಲ್ಲಿ ತಾನಾಗಿ ಹೋಗಿ ಕೂತಿತು, ಎಷ್ಟೋ ವರ್ಷ ಕೂತ ಜಾಗ. ನನ್ನ ಮೈಕೈ ತೋರಿಸಿ, ಪೆಟ್ಟಾಯಿತೇ ಎಂದು ಸನ್ನೆಯಲ್ಲೇ ಕೇಳಿದರು. ಇಲ್ಲ ಎಂದೆ. ಕಲ್ಲನ್ನು ಹಿಡಿದುಕೊಂಡು ತಮ್ಮ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು.

"ಮುಟ್ಟಬೇಡ ಎಂದಿದ್ದೆನಲ್ಲ" ಎಂದ ಮಾರ್ಟಿನ್. ಆ ಸಲ ಮಾರಾಯ ಎನ್ನಲಿಲ್ಲ.

"ನಾನು ಜಾರುತ್ತೇನೆ ಅಂತ ಹೇಳ್ತಿದ್ದೀಯ ಅಂದ್ಕೊಂಡೆ."

"ನಿನಗೋಸ್ಕರ ಅಲ್ಲ ಹೇಳಿದ್ದು. ಕಲ್ಲಿಗೋಸ್ಕರ. ಇದು ಮರಳುಗಲ್ಲು. ನೀರು ಕುಡಿದರೆ ಮೆತ್ತಗಾಗುತ್ತದೆ. ಮೇಲಿನ ತೊಗಲೊಂದೇ ಗಟ್ಟಿ, ಅದನ್ನು ಉಜ್ಜಿ ತೆಗೆದರೆ ಒಳಗೆಲ್ಲ ಬರೀ ಮರಳು. ಮಳೆ ಬಂದರೆ ನಾವು ಬಿದ್ದೇವು ಎಂದು ಮನೆಯಲ್ಲಿ ಕೂರುವುದಿಲ್ಲ, ಅದು ಮುರಿದೀತು ಎಂದು ಕೂರುತ್ತೇವೆ."

ಕಲ್ಲಿಗೆ ನೋವಾದೀತು ಎಂದು ಮನುಷ್ಯರು ಮನೆಯಲ್ಲಿ ಕೂರುತ್ತಾರೆ ಎಂಬುದು ನನ್ನ ತಲೆಗೆ ಹೊಳೆದೇ ಇರಲಿಲ್ಲ. ಅಷ್ಟಾದರೂ ನನ್ನ ಬಾಯಿ ಸುಮ್ಮನಿರಲಿಲ್ಲ.

"ಸಿಮೆಂಟ್ ಹಾಕಿ ಕೂರಿಸೋಣ. ನಾನೇ ಕೂರಿಸ್ತೇನೆ. ಗೊತ್ತೇ ಆಗೋದಿಲ್ಲ."

"ಇಲ್ಲ."

"ಅಥವಾ ಕಾಲಿಡೋಕೆ ಒಂದು ಸಣ್ಣ ಗುಳಿ ಕಡೆದರೆ?"

ಅವನು ನನ್ನನ್ನು ಎಷ್ಟು ಹೊತ್ತು ನೋಡಿದ ಎಂದರೆ, ಶೈಲಾ ನನ್ನ ತೋಳು ಹಿಡಿದು ಹೊರಗೆ ಕರೆದುಕೊಂಡು ಹೋದಳು. ಆ ದಿನವೆಲ್ಲ ನಾನು ಷೆಡ್ಡಿನ ಮುಂದೆ ಕೂತಿದ್ದೆ. ಅಡುಗೆಮನೆಯಿಂದ ನಗು ಕೇಳಲಿಲ್ಲ.

ಹುಟ್ಟುಹಬ್ಬ

ಮರುದಿನ ಚೆನ್ನಾಗಿ ಬಿಸಿಲು ಬಂತು. ಗೋಪುರದಲ್ಲಿ ಕಿವಿಯಿದ್ದ ಮಗ್ಗುಲಿಗೆ ದಿನವಿಡೀ ಬಿಸಿಲು, ಗಾಳಿ ಹೊಡೆಯಿತು. ಸಂಜೆಯ ಹೊತ್ತಿಗೆ ಮಾರ್ಟಿನ್ ಕೆನ್ನೆ ಇಟ್ಟು, ಬುಡದ ಮರಳನ್ನು ಬೆರಳಲ್ಲಿ ತೋಡಿ ನೋಡಿ, ಒಣಗಿದೆ ಎಂದ. ಹೆಲ್ಗಮ್ಮನ ಹಳೆಯ ಗೆಳತಿಯರಿಬ್ಬರು ಕೋಲೂರಿಕೊಂಡು ಬಂದಿದ್ದರು. ಅವರು ಹಳದಿ ಗಾಯ ನೋಡಿದರು. ಹೆಲ್ಗಮ್ಮ ಜರ್ಮನ್‌ನಲ್ಲಿ ಒಂದೇ ಒಂದು ವಾಕ್ಯ ಹೇಳಿದರು. ಇಬ್ಬರೂ ನನ್ನ ಕಡೆ ತಿರುಗಿದರು, ಆಮೇಲೆ ಹುಲ್ಲಿನ ಕಡೆ ನೋಡಿದರು.

ಮಾರ್ಟಿನ್ ತನ್ನ ಉದ್ದದ ಕೈ ಚಾಚಿ ಹೇಗೋ ದಾಟಿ, ನೆತ್ತಿಗೆ ಹೋಗಿ ಹಗ್ಗ ಬಿಟ್ಟ. ಹೆಲ್ಗಮ್ಮ ಹಗ್ಗ ಕಟ್ಟಿಕೊಂಡು, ಚಪ್ಪಲಿ ಬಿಟ್ಟು, ಕೈ ಎತ್ತಿದರು. ಕೈ ತಾನಾಗಿ ಕಿವಿಯಿದ್ದ ಜಾಗಕ್ಕೇ ಹೋಯಿತು. ಅಲ್ಲಿ ಏನೂ ಇರಲಿಲ್ಲ. ಕೈ ಕೆಳಗಿಳಿಸಿ, ಬೆರಳಿಗಂಟಿದ ಮರಳು ನೋಡಿಕೊಂಡರು. ಇನ್ನೊಂದು ಸಲ ಪ್ರಯತ್ನಿಸಿದರು. ಮಂಡಿ ಕಲ್ಲಿಗೆ ತರಚಿ ರಕ್ತ ಬಂತು. ಶೈಲಾ ಬಾಯಿಗೆ ಸೆರಗು ಒತ್ತಿ ಹಿಡಿದಿದ್ದಳು.

ಹೆಲ್ಗಮ್ಮ ಹಿಂದೆ ತಿರುಗಿ ನನ್ನನ್ನು ನೋಡಿ, ಬಂಡೆಯ ಬುಡ ತೋರಿಸಿದರು. ನನಗೆ ಅರ್ಥವಾಗಲಿಲ್ಲ. ಮೇಲಿಂದ ಮಾರ್ಟಿನ್ ಕೂಗದೆ, ಆದಷ್ಟು ಮೆಲ್ಲಗೆ ಹೇಳಿದ. "ಇದು ಇಲ್ಲಿಯ ಹಳೇ ಪದ್ಧತಿ. ಕಲ್ಲಿಗೆ ಏಣಿ ಇಡುವ ಹಾಗಿಲ್ಲ, ಮೊಳೆ ಹೊಡೆಯುವ ಹಾಗಿಲ್ಲ. ಮನುಷ್ಯ ನಿಲ್ಲಬಹುದು. ಹೋಗಿ ನಿಲ್ಲು."

ಹೋಗಿ ನಿಂತೆ. ಬಂಡೆಗೆ ಎರಡೂ ಕೈಯೂರಿ ಬೆನ್ನು ಬಗ್ಗಿಸಿದೆ. ನಾನು ಉಜ್ಜಿದ ಜಾಗ ಸರಿಯಾಗಿ ನನ್ನ ಮೂಗಿನ ಮುಂದೆ ಇತ್ತು, ಬ್ರಷ್‌ನ ಗೀರುಗಳೆಲ್ಲ ಕಾಣುತ್ತಿದ್ದವು. ಹೆಲ್ಗಮ್ಮನ ಬರಿಗಾಲು ಮೊದಲು ನನ್ನ ತೊಡೆಯ ಮೇಲೆ, ಆಮೇಲೆ ಸೊಂಟದ ಮೇಲೆ, ಆಮೇಲೆ ಹೆಗಲ ಮೇಲೆ ಬಂತು. ಆಕೆಗೆ ಒಂದು ಮೂಟೆ ಕಾಫಿಯಷ್ಟೂ ತೂಕವಿರಲಿಲ್ಲ. ನಮ್ಮ ಕಡೆ ದೊಡ್ಡವರ ಕಾಲಿಗೆ ನಾವು ತಲೆ ಇಡುತ್ತೇವೆ. ಆದರೆ ಆ ಕಾಲು ನನ್ನ ಹೆಗಲಿನ ಮೇಲೆ ನಡುಗುತ್ತಿತ್ತು, ಅದು ನಡುಗುವ ಹಾಗೆ ಮಾಡಿದವನು ನಾನು. ಗಾಯದಿಂದ ಮರಳು ಉದುರಿ ನನ್ನ ಕತ್ತಿನೊಳಗೆ ಇಳಿಯುತ್ತಿತ್ತು. ಒರೆಸಿಕೊಳ್ಳಲು ಕೈ ಬಿಡುವಂತಿರಲಿಲ್ಲ. ಕಡೆಗೆ ಹೆಗಲು ಹಗುರವಾಯಿತು. ಆಕೆ ಮೇಲಿನ ಮೆಟ್ಟಿಲು ಹಿಡಿದಿದ್ದರು.

ನೆತ್ತಿಯ ಮೇಲೆ ಕೂತು ಕೇಕ್ ತಿಂದರು. ಗೆಳತಿಯರು ಕೆಳಗಿನಿಂದ ಮೆಲ್ಲಗೆ ಹಾಡಿದರು. ಶೈಲಾ ಆಗಲೇ ಆ ಫೋಟೋ ತೆಗೆದದ್ದು. "ಮೇಲೆ ಅವ್ರನ್ನ ತೆಗಿ" ಎಂದೆ. "ಅವ್ರದ್ದೂ ತೆಗೀತೇನೆ. ಇದು ನಿಮ್ಗೆ" ಎಂದಳು.

ಇಳಿದು ಬಂದ ಹೆಲ್ಗಮ್ಮ ನನಗೂ ಒಂದು ತುಂಡು ಕೇಕ್ ಕೊಟ್ಟು ಏನೋ ಕೇಳಿದರು. ಕೋಪವಿರಲಿಲ್ಲ, ನಿಜವಾಗಿ ತಿಳಿದುಕೊಳ್ಳಲು ಕೇಳಿದ ಹಾಗಿತ್ತು.

"ಮುಂದಿನ ವರ್ಷ ಯಾರು ನಿಲ್ಲುತ್ತಾರೆ ಎಂದು ಕೇಳುತ್ತಿದ್ದಾಳೆ" ಎಂದ ಹಿಂದೆಯೇ ಇಳಿದು ಬಂದ ಮಾರ್ಟಿನ್.

ಬಾಯಲ್ಲಿ ಕೇಕ್ ಇತ್ತು. ಬಗ್ಗಿ ಅವರ ಚಪ್ಪಲಿ ಎತ್ತಿ ಕಾಲ ಬಳಿ ಇಟ್ಟೆ.

ಮತ್ತೆ ಜಾವಳಿ

ಮರುವರ್ಷ ಅದೇ ತಿಂಗಳು, ನಮ್ಮಲ್ಲಿ ಮಳೆ ಬಿಟ್ಟೂ ಬಿಡದೆ ಸುರಿಯುತ್ತಿತ್ತು. ಶೈಲಾಳ ತಾಯಿ ಬರುವವರಿದ್ದರು. ನಾನು ಮುಂಬಾಗಿಲ ಮೆಟ್ಟಿಲಲ್ಲಿ ಕೂತು ಪಾಚಿ ಕೆರೆಯುತ್ತಿದ್ದೆ. ಕರಿಕಲ್ಲು, ಎಷ್ಟು ಉಜ್ಜಿದರೂ ಏನೂ ಆಗುವುದಿಲ್ಲ. ಆದರೂ ಕೈ ಮೆಲ್ಲಗೆ ಆಡುತ್ತಿತ್ತು. ಒಳಗೆ ಫೋನ್ ಬಡಿದುಕೊಂಡಿತು, ಮಾರ್ಟಿನ್. ತೋಟದ ವಿಷಯ ಕೇಳಿದ, ಶೈಲಾಳನ್ನು ವಿಚಾರಿಸಿದ. ಕೇಳದೆ ನನಗೆ ನಿರ್ವಾಹವಿರಲಿಲ್ಲ.

"ಅಮ್ಮ ಹತ್ತಿದ್ರಾ?"

"ಹೆಗಲು ಕೊಡಲು ಜನ ಬಂದಿದ್ದರು ಮಾರಾಯ. ಬೇರೆಯವರ ಹೆಗಲೇರಿ ಹತ್ತುವುದು ಬೇಡ ಎಂದಳು. ಬಂಡೆಯ ಬುಡದಲ್ಲೇ ಕೂತು ಕೇಕ್ ತಿಂದಳು."

"ಏನಾದ್ರೂ ಅಂದ್ರಾ?"



"ಏನಿಲ್ಲ. ಹೊರಡುವಾಗ ಬಂಡೆಗೆ ಕೆನ್ನೆ ಇಟ್ಟು ನೋಡಿದಳು. ಈ ಸಲ ಎಷ್ಟು ಚೆನ್ನಾಗಿ ಒಣಗಿದೆ ಎಂದಳು."